ಬಸ್ ಸ್ಟಾಪ್ ಹಕ್ಕಿಯ ರೆಕ್ಕೆ

ಮಾರ್ಚ್ ೧೪, ಶುಕ್ರವಾರ. ಊಟ ಸೇರಲಿಲ್ಲ.

ನಮ್ಮ ಬೀದಿಯ ಗಾಜಿನಕ್ಕ, ಅಂದರೆ ನಾನು ಕೆಲಸ ಕಲಿಯಲು ಹೋಗುವ ಗಾಜಿನ ಸ್ಟುಡಿಯೋದ ಅಕ್ಕ, ಬಸ್ ಸ್ಟಾಪ್ ಗೋಡೆಗೆ ಅಂತ ಮಾಡುತ್ತಿದ್ದ ಗಾಜಿನ ಹಕ್ಕಿಯ ರೆಕ್ಕೆ ಒಡೆಯಿತು. ಒಡೆದದ್ದು ನಾನೇ. ಮನೆಮನೆಯವರು ಕೊಟ್ಟ ನೀಲಿ ಬಾಟಲಿ ಕರಗಿಸಿ ಮಾಡಿದ್ದ ರೆಕ್ಕೆ. ಪೂರ್ತಿ ಆರುವ ತನಕ ಕುಲುಮೆಯ ಬಾಗಿಲು ಮುಟ್ಟಬೇಡ ಅಂತ ನೂರು ಸಲ ಹೇಳಿದ್ದರು. ಬೀದಿಯ ವಾಟ್ಸಾಪ್ ಗ್ರೂಪಿಗೆ ಮೊದಲ ಫೋಟೋ ನನ್ನದೇ ಇರಲಿ ಅಂತ ಬಾಗಿಲು ಒಂದೇ ಇಂಚು ತೆಗೆದೆ. ಬಿಸಿ ರೆಕ್ಕೆ ತಣ್ಣನೆಯ ಗಾಳಿ ತಗುಲಿ ಟಿಕ್ ಅಂದಿತು.

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಗ್ರೂಪಲ್ಲಿ ನೀನೇ ಹೇಳು" ಅಂದರು, ಅಷ್ಟೇ. ಇನ್ನು ಸ್ಟುಡಿಯೋಗೆ ಸೇರಿಸಲ್ಲ ಅಂದುಕೊಂಡೆ.

ಹೇಳಿದೆ. ಮೊದಲು ಟೈಲರ್ ಮಾಮ ಬರೆದರು: "ಹಕ್ಕಿಗಿಂತ ಮೊದ್ಲು ನಿಂಗೇ ರೆಕ್ಕೆ ಬಂತಲ್ಲಮ್ಮ. ಇರ್ಲಿ, ನಮ್ಮನೇಲಿ ಇನ್ನೂ ಎರಡು ನೀಲಿ ಬಾಟ್ಲಿ ಇದೆ, ತಗೊಂಡು ಹೋಗು."

ಕೊನೆಗೆ ಅಕ್ಕ: "ಬಾಟ್ಲಿ ತಗೊಂಡು ನಾಳೆ ಒಂಬತ್ತಕ್ಕೆ ಬಾ. ಫೋನು ಅಮ್ಮನ ಹತ್ರ ಕೊಟ್ಟು ಬಾ."

ಅದಕ್ಕೆ ಮೊದಲ ಲೈಕ್ ಅಮ್ಮನದು.

ಎಷ್ಟು ಸಲ ಓದಿದೆನೋ. ಎಂಟಕ್ಕೇ ಹೋಗಿ ಕೈ ಕಟ್ಟಿಕೊಂಡು ನಿಂತಿರುತ್ತೇನೆ, ಏನೂ ಮುಟ್ಟದೆ, ಅವರೇ ಕರೆಯುವ ತನಕ.