ಅಲ್ಲಾಲಜ್ಜನ ಇಪ್ಪತ್ತು ರೊಟ್ಟಿ

ನವೆಂಬರ್ 12, ಮಂಗಳವಾರ. ಫೆಸ್.

ಜನ್ಮದಲ್ಲಿ ಪೆನ್ನು ಹಿಡಿಯದ ಅಲ್ಲಾಲಜ್ಜನ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿ, ಮೂವತ್ತಕ್ಕೆ ಹನ್ನೊಂದು ಅಂಕ ಕೊಟ್ಟು, ಮರೆವಿನ ಕಾಯಿಲೆ ಎಂದು ಷರಾ ಬರೆಯುವುದೇ? ನಮ್ಮ ಆಸ್ಪತ್ರೆಯ ನರರೋಗ ವಿಭಾಗದ ಪ್ರೊಫೆಸರ್ ಲಹ್ಲೂ ಮೇಲಿನ ಸಿಟ್ಟು ವಾರದಿಂದ ಆರಿರಲಿಲ್ಲ. ಅಜ್ಜನ ಮೆದುಳಿನ ಸ್ಕ್ಯಾನಿನಲ್ಲಿ ನನಗೆ ಎಲ್ಲೂ ಸವಕಳಿ ಕಂಡಿರಲಿಲ್ಲ.

ಇವತ್ತು ಪ್ರೊಫೆಸರನ್ನು ನಮ್ಮ ಓಣಿಯ ಒಲೆಗೇ ಕರೆದೊಯ್ದೆ. ನಲವತ್ತು ವರ್ಷದಿಂದ ಅಲ್ಲಿ ಎಲ್ಲರ ಮನೆಯ ರೊಟ್ಟಿ ಸುಡುವವನು ಅಜ್ಜನೇ. ಇಪ್ಪತ್ತು ಮನೆಗಳಿಂದ ತಟ್ಟಿ ಕಳಿಸಿದ ರೊಟ್ಟಿ ಬೆಂದು ಹಲಗೆಯ ಮೇಲಿದ್ದವು. ಹೆಸರಿಲ್ಲ, ಚೀಟಿಯಿಲ್ಲ. ಒಂದೊಂದನ್ನೇ ಎತ್ತಿ ಇಂಥವರ ಮನೆಯದು ಎಂದ. ಒಂದೂ ತಪ್ಪಲಿಲ್ಲ.

ಕೊನೆಯದನ್ನು ನನ್ನ ಮುಂದೆ ಹಿಡಿದ. "ಇದ್ಯಾರದು ಹೇಳು ನೋಡೋಣ, ಡಾಕ್ಟ್ರಮ್ಮ?"

ತಿರುಗಿಸಿ ತಿರುಗಿಸಿ ನೋಡಿದೆ. ಗೊತ್ತಾಗಲಿಲ್ಲ.

"ಅಯ್ಯೋ, ನಿಮ್ಮಮ್ಮಂದೇ ಕಣಮ್ಮಾ! ಪ್ರೊಫೆಸರೇ, ಇವಳನ್ನೂ ಆ ಮಿಷೀನಿಗೆ ತೂರಿಸಿ!"

ಪ್ರೊಫೆಸರ್ ನಕ್ಕರು. ಅಲ್ಲೇ ನಿಂತು ಅಜ್ಜನ ಫೈಲಿನಲ್ಲಿದ್ದ ಷರಾ ಹೊಡೆದುಹಾಕಿದರು. "ನಿನ್ನ ರೊಟ್ಟಿ ಪರೀಕ್ಷೆ ಬರೆದು ಕೊಡಮ್ಮ, ವಿಭಾಗದಲ್ಲಿ ಅಕ್ಷರ ಬಾರದವರಿಗೆಲ್ಲ ಅವರವರ ಕಸುಬಿನಲ್ಲಿ ಹೀಗೇ ಮಾಡೋಣ."

ಎದೆ ಇನ್ನೂ ಉಬ್ಬಿಕೊಂಡೇ ಇದೆ. ನನ್ನ ಪರೀಕ್ಷೆ! ಅದರಲ್ಲಿ ಮೊದಲು ಫೇಲಾದವಳು ನಾನೇ ಅನ್ನುವುದನ್ನು ಮಾತ್ರ ಅಮ್ಮನಿಗೆ ಹೇಳಿಲ್ಲ. ಊಟದಲ್ಲಿ ಉಳಿದ ಅರ್ಧ ರೊಟ್ಟಿ ಎದುರಿಗಿದೆ. ಅಂಚಿನಲ್ಲಿ ಅವಳ ಮೂರು ಬೆರಳಿನ ಗುರುತು. ಮೂವತ್ತು ವರ್ಷ ತಿಂದಿದ್ದೇನೆ, ಇವತ್ತು ಕಂಡಿತು.