ಸ್ಕೈಲ್ಯಾಬ್ ಬೀಳುವ ವಾರದ ಲಗ್ನ

ಹನುಮಸಾಗರ
28-1-1983

ತಂಗಿ ಗಾಳೆಮ್ಮನಿಗೆ ಅಣ್ಣ ವೆಂಕೋಬನ ಆಶೀರ್ವಾದ. ನಾವೆಲ್ಲ ಸೌಖ್ಯ ಎಂದು ಬರೆಯುವುದು ವಾಡಿಕೆ. ಮನೆಯಲ್ಲಿ ಉಳಿದವರು ಸೌಖ್ಯವಾಗಿದ್ದಾರೆ. ನನ್ನ ಸಂಗತಿ ಬೇರೆ, ಅದಕ್ಕೇ ಈ ಪತ್ರ.

ಈ ವಾರ ರಷ್ಯಾದವರ ಕೆಟ್ಟುಹೋದ ಉಪಗ್ರಹವೊಂದು ಹಿಂದೂ ಮಹಾಸಾಗರಕ್ಕೆ ಬಿತ್ತು. ಅದರದೇ ಇನ್ನೊಂದು ತುಂಡು ಇನ್ನೂ ಮೇಲೆ ಸುತ್ತುತ್ತಿದೆಯಂತೆ. ಬಸ್ಸಿನಿಂದ ಪೇಪರು ಇಳಿಯುವುದೇ ತಡ, ಪಕ್ಕೀರಪ್ಪ ಕಾಕಾ ಕಟ್ಟೆಯ ಮೇಲೆ ಜನ ಕೂಡಿಸಿ, "ಓದೋ ವೆಂಕೋಬ, ಈ ಸಲ ಯಾರ ನೆತ್ತಿ ಮ್ಯಾಲೆ ಐತಿ ನೋಡು" ಅಂದ. ಓದಿದೆ. ದೇಶದೇಶಗಳು ಹಾರಿಬಿಟ್ಟ ಯಂತ್ರಗಳ, ರಾಕೆಟ್ಟುಗಳ ಸಾವಿರಾರು ಚೂರುಗಳು ಭೂಮಿಯನ್ನು ಸುತ್ತುತ್ತಿವೆ, ವರ್ಷ ವರ್ಷ ಹೆಚ್ಚುತ್ತಿವೆ, ಗುಡಿಸಿ ತೆಗೆಯುವ ಉಪಾಯ ಯಾರ ಹತ್ತಿರವೂ ಇಲ್ಲ ಎಂದಿತ್ತು. ಕೊನೆಗೆ, ಜನರ ಮೇಲೆ ಬೀಳುವ ಸಂಭವ ತೀರ ಕಡಿಮೆ ಎಂದೂ ಇತ್ತು. ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದೆ.

ನಾಲ್ಕು ವರ್ಷದ ಹಿಂದೆ ಸ್ಕೈಲ್ಯಾಬ್ ಬೀಳುವಾಗಲೂ ಪೇಪರಿನಲ್ಲಿ ಇಂಥದೇ ಸಾಲು ಇತ್ತು ಗಾಳೆಮ್ಮ. ಅದನ್ನು ಕಂಡೂ ನಾನು ಜನರಿಗೆ ಓದಿ ಹೇಳಲಿಲ್ಲ.

ಆಗ ನಾನು ಮೆಟ್ರಿಕ್ ಪಾಸಾದ ಹೊಸ ಶಾಣ್ಯಾ. ಅಮೆರಿಕದವರು ಆಕಾಶದಲ್ಲಿ ಇಟ್ಟ ಮನೆಯೇ ಕಳಚಿ ಬೀಳುತ್ತಿದೆ, ಎಲ್ಲಿ ಎಂದು ಅವರಿಗೇ ಗೊತ್ತಿಲ್ಲ ಎಂದು ಓದಿದಾಗ ಹಿರಿಯರೆಲ್ಲ ಬಾಯಿ ತೆರೆದು ನನ್ನನ್ನೇ ನೋಡಿದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಮುಂದಿನ ಸಾಲು ಓದಿದ್ದರೆ ಎದ್ದು ಹೋಗುತ್ತಿದ್ದರು. ಪೇಪರು ಮಡಚಿಬಿಟ್ಟೆ.

ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. "ಲಗ್ನ ಆಗದ ಹುಡುಗಿ ಸತ್ರ ಎಕ್ಕಿ ಗಿಡದ ಸಂಗಾಟ ಲಗ್ನ ಮಾಡಿ ಮಣ್ಣು ಕೊಡ್ತಾರ. ನನ್ನ ಮೊಮ್ಮಗಳಿಗೆ ಆ ಗತಿ ಬ್ಯಾಡ" ಎಂದು ಹಟ ಹಿಡಿದಳು. ಆಷಾಢದಲ್ಲಿ ಹೇಗೆ ಎಂದು ಅಪ್ಪ ಕೇಳಿದ್ದಕ್ಕೆ, "ಆಕಾಶನ ಬೀಳಾಕತ್ತೈತಿ, ಆಷಾಢ ಯಾರು ಕೇಳ್ತಾರ" ಅಂದಳು. ಸೋಮವಾರ ನಿನಗೆ ತಾಳಿ ಕಟ್ಟಿಸಿದರು. ನಿನಗೆ ಹದಿನಾಲ್ಕು. ಎಂಟನೆಯ ತರಗತಿಗೆ ಹೆಸರು ಹಚ್ಚಿ ತಿಂಗಳಾಗಿತ್ತು. ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ, ಅದು ಆಸ್ಟ್ರೇಲಿಯಾದ ಕಡೆ ಬಿತ್ತು ಎಂದರು. ಊರೆಲ್ಲ ನಕ್ಕಿತು. ಅಷ್ಟೊತ್ತಿಗೆ ನೀನು ಗಂಗಾವತಿಯ ಅಕ್ಕಿ ಗಿರಣಿಯ ಹಿಂದಿನ ಮನೆಯಲ್ಲಿ ಸೊಸೆ.

ನಿನ್ನ ಯಜಮಾನರು ಗಾದಿಲಿಂಗಪ್ಪನವರು ಒಳ್ಳೆಯವರು, ನಿಜ. ಆದರೆ ಅವರ ಒಳ್ಳೆಯತನದಿಂದ ನನ್ನ ತಪ್ಪು ತೊಳೆದುಹೋಗುವುದಿಲ್ಲ. ಹೋದ ದಸರೆಗೆ ಬಂದಾಗ ಯಾರೋ "ಸ್ಕೈಲ್ಯಾಬ್ ಸೊಸಿ" ಎಂದು ಚಾಷ್ಟಿ ಮಾಡಿದರೆ ನೀನು, "ನಮ್ಮಣ್ಣಂದೇನು ತಪ್ಪು, ಪೇಪರಿನ್ಯಾಗ ಇದ್ದದ್ದು ಓದ್ಯಾನ" ಅಂದೆ. ಎದುರಿಗೇ ಕೂತಿದ್ದೆ. ತಲೆ ತಗ್ಗಿಸಿ ರೊಟ್ಟಿ ಮುರಿದೆ, ನಿಜ ಹೇಳಲಿಲ್ಲ.

ಮೇಲೆ ಹಾರಿಸಿದವರು ಅದು ಯಾರ ಮನೆ ಮೇಲೆ ಬಿದ್ದೀತು ಎಂದು ಯೋಚಿಸಲಿಲ್ಲ. ನಾನೂ ಅಂಥವನೇ. ನಿನ್ನೆ ಅಜ್ಜಿಗೆ ಎಲ್ಲ ಹೇಳಿದೆ. ಅವಳು, "ಆಕಿಗೂ ತಿಳಿಸು" ಅಂದಳು.

ಪ್ರತಿ ಪಂಚಮಿಗೂ ನಿನ್ನನ್ನು ತವರಿಗೆ ಕರೆಯಲು ನಾನೇ ಬಂದಿದ್ದೇನೆ. ಈ ವರ್ಷ ಬರಲೋ ಬೇಡವೋ ನೀನು ಹೇಳು. ಲಗ್ನವಾದಾಗಿನಿಂದ ನಿನ್ನ ಪತ್ರಗಳೆಲ್ಲ ಯಜಮಾನರ ಅಕ್ಷರದಲ್ಲೇ ಬರುತ್ತಿವೆ. ಬ್ಯಾಡ ಎಂದೇ ಬರೆಯುವುದಿದ್ದರೂ, ತಂಗಿ, ನಿನ್ನ ಕೈಯಿಂದ ಬರೆ.

ತಾಯಿ ಹುಲಿಗೆಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಸಿಟ್ಟಿಗೆ ತಲೆಬಾಗಿ,
ವೆಂಕೋಬ