ಕೊರಳೆಲುಬಿನ ಮೇಲೆ

ಮಾರ್ಚ್ 4, ಸೋಮವಾರ

ಬೀನ್ಸ್ ನೆನೆಹಾಕಿ ಕೂತಿದ್ದೆ. ಸೊಸೆ ಡ್ರೀಮಾ ಬಂದು ಪಾಠದ ಅಭ್ಯಾಸಕ್ಕೆಂದು ಮತ್ತೆ ಬೆನ್ನು ತಟ್ಟಿದಳು. ಒಂದು ಬೆರಳು ಇಟ್ಟು ಅದರ ಮೇಲೆ ಇನ್ನೊಂದರಿಂದ ಬಡಿಯುವುದು. ಒಳಗೆ ಗಾಳಿ ಇದೆಯೋ ನೀರಿದೆಯೋ ಸದ್ದಿನಲ್ಲೇ ತಿಳಿಯುತ್ತದಂತೆ. ನನ್ನ ಬೆನ್ನು ಕುಂಬಳಕಾಯಿಯಲ್ಲ ಎಂದೆ. ನಕ್ಕಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು, ಕಣ್ಣಡಿ ಕಪ್ಪು... ಆದರೂ ಕೈ ಉಜ್ಜಿ ಬಿಸಿ ಮಾಡಿಕೊಂಡೇ ಮುಟ್ಟುತ್ತಾಳೆ. ಅದನ್ನು ಯಾವ ಕಾಲೇಜೂ ಕಲಿಸಿದ್ದಲ್ಲ.

ಅವಳು ಓದುತ್ತಿರುವುದು ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಕೋರ್ಸು. ನರ್ಸೇ, ಆದರೆ ಕಾಯಿಲೆ ಏನೆಂದು ತಾನೇ ಕಂಡುಹಿಡಿದು ತಾನೇ ಔಷಧಿ ಬರೆಯುವ ನರ್ಸು. ಹಳ್ಳದ ಬಾಯಲ್ಲಿರುವ ನಮ್ಮ ಕ್ಲಿನಿಕ್‌ನಲ್ಲಿ ಡಾಕ್ಟರಿಲ್ಲದೆ ವರ್ಷಗಳಾದವು. ವಾರಕ್ಕೊಮ್ಮೆ ಬೇರೆ ಕೌಂಟಿಯಿಂದ ಇಂಥ ನರ್ಸ್ ಒಬ್ಬಳು ಬರುತ್ತಾಳೆ. ನನ್ನನ್ನು ‘ಚಿನ್ನ’ ಎಂದು ಕರೆಯುತ್ತಾಳೆ, ಹೆಸರು ಕೇಳುವುದಿಲ್ಲ. ಡ್ರೀಮಾ ಓದು ಮುಗಿಸಿದರೆ ಆ ಕ್ಲಿನಿಕ್ ಅವಳದೇ ಎಂದಿದ್ದಾರೆ. ಬಿಳಿ ಕೋಟಿನ ಮೇಲೆ ‘ಸ್ಟಿಡಮ್’ ಎಂದು ನೀಲಿ ದಾರದಲ್ಲಿ. ಈ ಕಣಿವೆಯಲ್ಲಿ ನಮ್ಮ ಮನೆತನದ ಹೆಸರು ಇಲ್ಲಿಯವರೆಗೆ ಗೋರಿಕಲ್ಲುಗಳ ಮೇಲೆ ಮಾತ್ರ ಇದೆ.

ಮಾರ್ಚ್ 15, ಶುಕ್ರವಾರ

ಡ್ರೀಮಾಳ ವಿಡಿಯೋ ಫೇಲ್. ಕಾಲೇಜಿರುವುದು ಎಲ್ಲೋ, ಪಾಠವೆಲ್ಲ ಕಂಪ್ಯೂಟರಿನಲ್ಲಿ. ಒಬ್ಬರನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ ವಿಡಿಯೋ ಕಳಿಸಬೇಕು. ನಿಲ್ಲಿಸುವಂತಿಲ್ಲ, ಕತ್ತರಿಸುವಂತಿಲ್ಲ. ಮಾಡಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಹೋಗಬೇಕು — ಇದು ಸರಿಯಿದೆ, ಅದು ಊದಿಲ್ಲ, ಹೀಗೆ. ನನ್ನ ತಂಗಿ ಜೆಲ್ಲಾಳನ್ನು ಕೂರಿಸಿದ್ದಳು. ತಪ್ಪು ಆಯ್ಕೆ ಎಂದು ಮೊದಲೇ ಹೇಳಿದ್ದೆ. ಜೆಲ್ಲಾ ಕಿವಿಗೆ ದೀಪ ಹಿಡಿದರೆ ಕಿಸಕ್ಕೆಂದಳು, ಕ್ಯಾಮೆರಾ ಕಡೆ ತಿರುಗಿ ಪ್ರೊಫೆಸರಮ್ಮನ ಮನೆಮಂದಿಯನ್ನೆಲ್ಲ ವಿಚಾರಿಸಿಕೊಂಡಳು, ತನ್ನ ಮಂಡಿನೋವಿನ ಕಥೆ ಹೇಳಿದಳು. ಅರ್ಧಕ್ಕೆ ಸಮಯ ಮುಗಿಯಿತು.

ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸಿನಿಂದ ಹೊರಗೆ.

ನಾನು ಕೂರುತ್ತೇನೆ ಎಂದೆ. ಬದುಕಿದ್ದಾಗ ನನ್ನ ಗಂಡ ಆರ್ವಿಲ್ ಕೂಡ ಹಗಲು ಬೆಳಕಿನಲ್ಲಿ ನನ್ನ ಭುಜ ನೋಡಿದವನಲ್ಲ. ಕೂರುತ್ತೇನೆ.

ಮಾರ್ಚ್ 27, ಬುಧವಾರ

ಹಳೆ ಬೆಡ್‌ಶೀಟ್ ಕತ್ತರಿಸಿ ನಿಲುವಂಗಿ ಹೊಲಿದೆ. ಬೆನ್ನಿಗೆ ಲಾಡಿ. ದಿನವೂ ಅಭ್ಯಾಸ. ಮಂಡಿಗೆ ಸುತ್ತಿಗೆ, ಕಣ್ಣಿಗೆ ದೀಪ. ಅವಳ ಬಾಯಿ ಪ್ರಾರ್ಥನೆ ಹೇಳಿದ ಹಾಗೆ ಹೇಳುತ್ತ ಹೋಗುತ್ತದೆ — ಪಾತ್ರೆ ತೊಳೆಯುವಾಗಲೂ ಅದೇ. ನನಗೂ ಬಾಯಿಪಾಠವಾಗಿದೆ.

ಕೊರಳು ಮಾತ್ರ ಮುಟ್ಟಲು ಬಿಡುತ್ತಿಲ್ಲ. ಕಚಗುಳಿ, ವಿಡಿಯೋ ತೆಗೆಯುವ ದಿನವೇ ಮಾಡು ಎಂದೆ. ಮುಖ ನೋಡಿದಳು. ಸುತ್ತಿಗೆ ತೆಗೆದುಕೊಂಡಳು.

ಚರ್ಚಿನ ಉಡುಪಿನ ಮೇಲಿನ ಗುಂಡಿ ಹಾಕುವಾಗ ಚಳಿಗಾಲದಿಂದಲೂ ಎಡಗಡೆ ಏನೋ ಸಿಗುತ್ತದೆ. ಕೊರಳೆಲುಬಿನ ಮೇಲೆ, ಒಣಗಿದ ಬೀನ್ಸ್ ಕಾಳಿನಷ್ಟು. ಉಡುಪೂ ಸಡಿಲವಾಗಿದೆ. ಅದನ್ನೆಲ್ಲ ಯಾರಿಗೆ ಹೇಳುವುದು, ಯಾಕೆ? ಹೇಳಿದರೆ ನಾಳೆಯೇ ಪುಸ್ತಕ ಮುಚ್ಚಿ ನನ್ನ ಕಾರಿನ ಡ್ರೈವರ್ ಆಗುತ್ತಾಳೆ. ನನ್ನ ಮಗ ಲಾಯ್ಡ್‌ಗೆ ಹಾಗೇ ಮಾಡಿದಳು, ಗಣಿಯಲ್ಲಿ ಕಾಲು ಮುರಿದಾಗ. ಆಮೇಲೆ ಗಣಿ ಅವನನ್ನು ಪೂರ್ತಿಯಾಗಿಯೇ ತೆಗೆದುಕೊಂಡಿತು. ಮಗ ಹೋದ ಮೇಲೆ ಸೊಸೆ ತವರಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಇರು ಎಂದು ನಾನು ಕೇಳಿದವಳಲ್ಲ.

ಏಪ್ರಿಲ್ 12, ಶುಕ್ರವಾರ

ಆಯಿತು. ಇವತ್ತೇ ಕಡೆಯ ದಿನ. ಹಿಟ್ಟಿನ ಡಬ್ಬಕ್ಕೆ ಫೋನ್ ಒರಗಿಸಿ, ಅಡುಗೆಮನೆ ಕಿಟಕಿಯ ಬೆಳಕಿಗೆ ನನ್ನನ್ನು ಕೂರಿಸಿ, ಮಧ್ಯಾಹ್ನ ಮುಗಿಸಿದಳು.

ಕಲ್ಲಿನ ಹಾಗೆ ಕೂತಿದ್ದೆ. ತಲೆ, ಕಣ್ಣು, ಗಂಟಲು. ಕೈ ಕೊರಳಿಗೆ ಇಳಿಯಿತು. ಎರಡೂ ಕಡೆ ಬೆರಳುಗಳು ಸುತ್ತುತ್ತ ಕೆಳಗೆ ಬಂದವು. ‘ಗ್ರಂಥಿಗಳು ಊದಿಲ್ಲ, ಗಂಟುಗಳಿಲ್ಲ’ — ಬಾಯಿ ಹೇಳಿತು. ಎಡಗಡೆಯ ಬೆರಳು ಅಲ್ಲಿ ನಿಂತಿತು. ನಿಂತಿತೋ, ನಿಂತ ಹಾಗೆ ನನಗೆ ಅನ್ನಿಸಿತೋ. ನಾನು ಅವಳ ಕಣ್ಣನ್ನೇ ನೋಡಿದೆ. ಮುಂದುವರಿ ಎಂದು ನೋಡಿದೆ. ಮುಂದುವರಿದಳು. ಹೃದಯ, ಹೊಟ್ಟೆ, ಕಾಲು. ಒಂದು ಶಬ್ದ ತಪ್ಪಲಿಲ್ಲ.

ಏಪ್ರಿಲ್ 14, ಭಾನುವಾರ

ಎರಡರಲ್ಲಿ ಒಂದು. ಅವಳಿಗೆ ಸಿಕ್ಕಿತು, ಕ್ಯಾಮೆರಾ ಮುಂದೆ ಸುಳ್ಳು ಹೇಳಿದಳು. ಅಥವಾ ಸಿಗಲೇ ಇಲ್ಲ.

ಕೊರಳನ್ನು ಶಾಸ್ತ್ರಕ್ಕೆ ಸವರಿ ಹೋಗುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯೇ ಆಯಿತು. ಈಗ ಅದೇ ತಿನ್ನುತ್ತಿದೆ. ಸುಳ್ಳು ಹೇಳುವವಳೋ, ಕೈಗೆ ಸೂಕ್ಷ್ಮವಿಲ್ಲದವಳೋ — ಯಾವಳ ಕೈಗೆ ಈ ಕಣಿವೆಯನ್ನು ಒಪ್ಪಿಸುತ್ತಿದ್ದೇನೆ?

ಕೇಳಿದರೆ ತಿಳಿಯುತ್ತದೆ. ಕೇಳುವವಳಲ್ಲ ನಾನು.

ಮೇ 3, ಶುಕ್ರವಾರ

ಪಾಸು. ಪ್ರೊಫೆಸರಮ್ಮ ಹೊಗಳಿ ಬರೆದಿದ್ದಾಳೆ. ಧ್ವನಿ ಸ್ಪಷ್ಟ, ಕ್ರಮ ತಪ್ಪಿಲ್ಲ, ಕೊರಳಿನ ಪರೀಕ್ಷೆಯಂತೂ ಅವಸರವಿಲ್ಲದೆ ಮಾಡಿದ್ದಾಳೆ ಎಂದು. ಡ್ರೀಮಾ ಅದನ್ನು ಗಟ್ಟಿಯಾಗಿ ಓದಿದಳು. ಓದಿ ಲ್ಯಾಪ್‌ಟಾಪ್ ಮುಚ್ಚಿದಳು. ಹಿಗ್ಗಲಿಲ್ಲ. ಹೊರಗೆ ಹೋಗಿ ಒಣಗದ ಬಟ್ಟೆಯನ್ನೇ ತಂತಿಯಿಂದ ತೆಗೆದು ತಂದಳು.

ಜೆಲ್ಲಾ ಸೇಬಿನ ಕೇಕ್ ತಂದಿದ್ದಳು. ‘ಏನಕ್ಕಾ, ಸೊಸೆ ನಿನ್ನ ಸಂತೇಲಿ ಹಸು ತಡಕಿದ ಹಾಗೆ ತಡಕಿದ್ಲಂತೆ, ಎಷ್ಟಕ್ಕೆ ಕೊಡ್ತೀಯ?’ ಎಂದಳು. ಹಲ್ಲು ನೋಡಿಯೇ ಬೆಲೆ ಹೇಳಿದ್ದಾರೆ, ನಿನ್ನನ್ನು ವಾಪಸ್ ಕಳಿಸಿದರಲ್ಲ ಎಂದೆ. ಕೇಕ್ ಒಂದು ಚೂರು ತಿಂದೆ. ಅಷ್ಟೂ ಒಳಗೆ ನಿಲ್ಲಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಬಂದೆ.

ಜೂನ್ 9, ಭಾನುವಾರ

ಇವತ್ತು ಚರ್ಚಿನಲ್ಲಿ ಕಾಲು ತೊಳೆಯುವ ದಿನ. ಗಂಡಸರು ಆ ಕಡೆ, ನಾವು ಈ ಕಡೆ. ಮನಸ್ಸಿನಲ್ಲಿ ಯಾರ ಬಗ್ಗೆ ಏನಾದರೂ ಉಳಿದಿದ್ದರೆ ಅವರ ಕಾಲನ್ನೇ ತೊಳೆಯುವುದು ನಮ್ಮಲ್ಲಿ ರೂಢಿ. ಪ್ರತಿವರ್ಷ ಡ್ರೀಮಾ ಹಿಂದಿನ ಬೆಂಚಿನ ಮುದುಕಿಯರ ಕಾಲು ತೊಳೆಯುತ್ತಿದ್ದಳು. ಈ ಸಲ ಟವೆಲ್ ಸೊಂಟಕ್ಕೆ ಕಟ್ಟಿಕೊಂಡು ಬೋಗುಣಿ ಹಿಡಿದು ನೇರವಾಗಿ ನನ್ನ ಮುಂದೆ ಬಂದು ಮಂಡಿಯೂರಿದಳು.

ಸ್ಟಾಕಿಂಗ್ ಬಿಚ್ಚಿದೆ. ನೀರು ಬೆಚ್ಚಗಿತ್ತು. ತೊಳೆದಳು. ಆಮೇಲೆ ಹೆಬ್ಬೆರಳು ಊದಿದ ಕಣಕಾಲಿನ ಮೇಲೆ ಒತ್ತಿತು, ನಿಂತಿತು. ತೆಗೆದಳು. ಗುಳಿ ಹಾಗೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಸುತ್ತ ಎಲ್ಲರೂ ಹಾಡನ್ನು ಎಳೆದು ಎಳೆದು ಹೇಳುತ್ತಿದ್ದರು.

ತೊಳೆದವರು ಎದ್ದು ಅಪ್ಪಿಕೊಳ್ಳಬೇಕು. ಅಪ್ಪಿಕೊಂಡು ಕಿವಿಯಲ್ಲಿ ಹೇಳಿದಳು.

‘ನಂಗೆ ಅವತ್ತೇ ಸಿಕ್ತು ಅತ್ತೆ.’

ಅಪ್ಪಿದ ಕೈ ಬಿಡಲಿಲ್ಲ. ಹೆಂಗಸರೆಲ್ಲ ನಮ್ಮನ್ನು ನೋಡಿ ಕಣ್ಣೊರೆಸಿಕೊಂಡರು, ದೇವರ ಕೃಪೆ ಇಳಿದಿದೆ ಎಂದು.

ಜೂನ್ 10, ಸೋಮವಾರ

ಬೀನ್ಸ್ ನಾರು ತೆಗೆಯುತ್ತ ಮಾತಾಡಿದೆವು. ಮುಖ ನೋಡದೆ.

ಬಾಯಿ ಮೊದಲೇ ಹೇಳಿಬಿಟ್ಟಿತ್ತಂತೆ, ಬೆರಳಿಗೆ ಆಮೇಲೆ ಸಿಕ್ಕಿತಂತೆ. ತಿರುಗಿ ಹೇಳಲು ಬಾಯಿ ತೆರೆದಳಂತೆ, ಆಗ ನನ್ನ ಕಣ್ಣು. ವಿಡಿಯೋ ಕಳಿಸಿ ಬೆಳಿಗ್ಗೆ ಹೇಳೋಣ ಎಂದುಕೊಂಡಳು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದ್ದು ಸುಳ್ಳೆಂದು ಒಪ್ಪಬೇಕು. ಒಂದು ದಿನ ಹೋಯಿತು. ಮಾರನೆಯ ದಿನ ಇನ್ನೂ ಕಷ್ಟವಾಯಿತು.

ನನಗೂ ಗೊತ್ತಿತ್ತು ಎಂದೆ. ನಿನಗಿಂತ ಮೊದಲೇ. ಅವಳ ಕೈ ನಿಂತಿತು.

‘ಗೊತ್ತಿದ್ದೂ ಕೂತ್ರಾ?’

‘ಇನ್ಯಾರು ಕೂರೋರು, ಜೆಲ್ಲಾನಾ?’

ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಎಡಗಡೆ ಆ ಜಾಗದಲ್ಲಿ ಗಂಟು ಬಂದರೆ ಬೇರು ಹೊಟ್ಟೆಯಲ್ಲಿರಬಹುದು, ಅದು ಪುಸ್ತಕದ ಮೊದಲ ಪಾಠಗಳಲ್ಲೇ ಇದೆ ಎಂದಳು. ಓದಿದ್ದೀಯಲ್ಲ, ಸಾಕು, ಓದು ಮುಗಿಸು ಎಂದೆ. ದೊಡ್ಡಾಸ್ಪತ್ರೆಗೆ ಬರುತ್ತೇನೆ, ಆದರೆ ನೀನು ಒಂದು ಪಾಠವನ್ನೂ ಬಿಡಕೂಡದು. ಒಪ್ಪಿದಳು. ತುಂಬ ಬೇಗ ಒಪ್ಪಿದಳು.

ಜೂನ್ 24, ಸೋಮವಾರ

ಲೆಕ್ಸಿಂಗ್ಟನ್‌ನ ದೊಡ್ಡಾಸ್ಪತ್ರೆ. ಗುಹೆಯಂಥ ಯಂತ್ರದೊಳಗೆ ಮಲಗಿಸಿದರು. ಹಿಂದಿನ ವಾರ ಪರೀಕ್ಷೆಗೆಂದು ಗಂಟಿಗೆ ಸೂಜಿ ಚುಚ್ಚಿದ್ದರು. ಡಾಕ್ಟರ್ ಹುಡುಗ, ಲಾಯ್ಡ್ ಇದ್ದಿದ್ದರೆ ಅವನಿಗಿಂತ ಚಿಕ್ಕವನು. ಜಠರದಲ್ಲಿ ಶುರುವಾಗಿ ಎಲ್ಲೆಲ್ಲೋ ಹೋಗಿದೆ. ಆ ಕಾಯಿಲೆಯ ಹೆಸರನ್ನು ನಮ್ಮ ಕಡೆ ಜೋರಾಗಿ ಹೇಳುವುದಿಲ್ಲ. ಅವನು ಹೇಳಿದ.

ಏಪ್ರಿಲ್‌ನಲ್ಲಿ ಬಂದಿದ್ದರೆ? ಎಂದು ಡ್ರೀಮಾ ಕೇಳಿದಳು. ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದ. ಅವಳಿಗೆ ಸಮಾಧಾನವಾಗಲಿ ಎಂದು ಅವಳ ಮುಖ ನೋಡಿದೆ. ಆ ಸಮಾಧಾನವನ್ನು ಅವಳು ಮುಟ್ಟಲಿಲ್ಲ.

ಔಷಧಿ ಬೇಡ ಎಂದೆ.

ಜುಲೈ 2, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಪ್ರೊಫೆಸರಮ್ಮನಿಗೆ ತಾನೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದಾಳೆ. ಅಂಗಳದಲ್ಲಿ ನಿಂತು. ನಾನು ಜಾಲರಿ ಬಾಗಿಲ ಹಿಂದೆ. ಒಳಗೆ ಬಂದಾಗ ಕೇಳಿದೆ.

‘ಯಾರು ಕೇಳಿದ್ರು ನಿನ್ನ?’

‘ಯಾರೂ ಕೇಳ್ಲಿಲ್ಲ ಅತ್ತೆ. ಅದೇ ಕಷ್ಟ.’

‘ನಾನು ಬಟ್ಟೆ ಬಿಚ್ಚಿ ಕೂತಿದ್ದು ಇದಕ್ಕಾ? ಒಂದು ಮಾತು ನುಂಗಿಕೊಳ್ಳೋಕೆ ಆಗ್ಲಿಲ್ವಾ ನಿಂಗೆ? ಎಷ್ಟು ಜನ ಏನೇನು ನುಂಗಿಕೊಂಡು ಬದುಕ್ತಾರೆ.’

‘ನುಂಗಿದ್ದೆ. ನಾಳೆ ಇನ್ಯಾರದೋ ಕೊರಳ ಮೇಲೆ ಕೈ ಇಡ್ತೀನಿ. ಅವತ್ತೂ ಬಾಯಿ ಮುಂದೆ ಓಡುತ್ತೆ. ಅವರು ನಿಮ್ಮ ಹಾಗೆ ಗೊತ್ತಿದ್ದು ಕೂತಿರಲ್ಲ.’

ಅವಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಇನ್ನೂ ಸಿಟ್ಟು. ಊಟಕ್ಕೆ ಕರೆದಳು, ಹೋಗಲಿಲ್ಲ. ಹೋದರೂ ಏನು ತಿನ್ನುತ್ತಿದ್ದೆ.

ಜುಲೈ 30, ಮಂಗಳವಾರ

ಕಾಲೇಜಿನ ಸಮಿತಿ ಕೂತು ತೀರ್ಮಾನಿಸಿತಂತೆ. ಹೊರಗೆ. ಇಲ್ಲದ್ದನ್ನು ಇದೆ ಎಂದರೂ ಇದ್ದದ್ದನ್ನು ಇಲ್ಲ ಎಂದರೂ ಅವರಲ್ಲಿ ಒಂದೇ ನಿಯಮ. ತಾನಾಗಿ ಒಪ್ಪಿಕೊಂಡಳೆಂದು ನರ್ಸ್ ಕೆಲಸಕ್ಕೆ ಕುತ್ತು ತರಲಿಲ್ಲ, ಅಷ್ಟೇ. ಪ್ರೊಫೆಸರಮ್ಮ ಅತ್ತಳಂತೆ. ಅಳಲಿ.

ಡ್ರೀಮಾ ಪುಸ್ತಕಗಳನ್ನು ಡಬ್ಬದಲ್ಲಿ ತುಂಬಿ ಲಾಯ್ಡ್‌ನ ಗಣಿ ಬೂಟುಗಳ ಪಕ್ಕ ಇಟ್ಟಳು.

ಆಗಸ್ಟ್ 13

ಜೆಲ್ಲಾ ಬಂದಿದ್ದಳು. ಕ್ಲಿನಿಕ್‌ನ ಬೋರ್ಡ್ ಇಳಿಸಿದರಂತೆ. ವಾರಕ್ಕೊಮ್ಮೆ ಬರುತ್ತಿದ್ದವಳೂ ಇನ್ನು ಬರುವುದಿಲ್ಲ. ಮುಂದೆ ಬರುವವರು ಯಾರೂ ಇಲ್ಲವಲ್ಲ, ಯಾರಿಗೆ ಕಾಯುತ್ತಾರೆ. ಜೆಲ್ಲಾ ಹೇಳಿದ್ದು — ‘ಅಕ್ಕಾ, ಅವಳು ಬಾಯಿ ಮುಚ್ಚಿಕೊಂಡಿದ್ರೆ ಇಡೀ ಕಣಿವೆಗೆ ಒಬ್ಬಳು ಸಿಗ್ತಿದ್ಲು.’ ನಾನು ಹೇಳಿದ್ದೂ ಅದೇ ಮಾತು. ಅವಳ ಬಾಯಲ್ಲಿ ಕೇಳಲಾಗಲಿಲ್ಲ. ನನ್ನ ಸೊಸೆಯ ವಿಷಯ ನನ್ನ ಅಡುಗೆಮನೆಯಲ್ಲಿ ಆಡಬೇಡ ಎಂದೆ. ಹ್ಯಾಟ್ ಹಾಕಿಕೊಂಡು ಹೋದಳು.

ಕಣ್ಣು ಹಳದಿಯಾಗಿದೆ. ಕನ್ನಡಿ ತಿರುಗಿಸಿಟ್ಟೆ.

ಆಗಸ್ಟ್ 21

ಮಾತ್ರೆ. ನಿದ್ದೆ. ಡ್ರೀಮಾ ರಜೆ ಹಾಕಿದ್ದಾಳೆ. ಹಾಕಬೇಡ ಎನ್ನಲು ಈಗ ನೆಪವಿಲ್ಲ. ಯಾವ ಪಾಠ ತಪ್ಪುತ್ತದೆ?

ಆಗಸ್ಟ್ 25, ಭಾನುವಾರ. ಮಧ್ಯಾಹ್ನ

ಇವತ್ತು ತಲೆ ತಿಳಿಯಾಗಿದೆ. ನಿಲುವಂಗಿ ತೆಗಿ ಎಂದೆ. ಯಾವ ನಿಲುವಂಗಿ ಎಂದಳು. ಬೆಡ್‌ಶೀಟಿನದು. ಕಿಟಕಿ ಹತ್ತಿರ ಕೂರಿಸು, ದಿಂಬು ಕೊಡು. ಪರೀಕ್ಷೆ ಮೊದಲಿಂದ ಮಾಡು ಎಂದೆ.

‘ಕ್ಯಾಮೆರಾ ಇಲ್ಲ ಅತ್ತೆ.’

‘ನಾನಿದೀನಲ್ಲ.’

ನಿಲುವಂಗಿ ತಂದು ಲಾಡಿ ಕಟ್ಟಿದಳು. ಆಮೇಲೆ ಕೈ ಉಜ್ಜಿ ಬಿಸಿ ಮಾಡಿಕೊಂಡಳು. ತೊಡೆಯ ಮೇಲೆ ಈ ಪುಸ್ತಕ ಇಟ್ಟುಕೊಂಡೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಇದರಿಂದ ಯಾರಿಗೂ ಏನೂ ಸಿಗುವುದಿಲ್ಲ, ಗೊತ್ತು.

ಕಣ್ಣಿನ ಬಿಳಿಭಾಗ ಹಳದಿ. ಕೆನ್ನೆ ಒಳಸರಿದಿದೆ. ನಾಲಿಗೆ ಒಣಗಿದೆ. ಧ್ವನಿ ನಡುಗುತ್ತಿದೆ, ಆದರೆ ಅವಸರವಿಲ್ಲ. ಮೊದಲು ಮುಟ್ಟುತ್ತಾಳೆ. ಆಮೇಲೆ ಹೇಳುತ್ತಾಳೆ.

ಈಗ ಕೊರಳು. ಬಲಗಡೆ ಏನಿಲ್ಲ. ಎಡಗಡೆ. ಬೆರಳು ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ, ಅವಳು ಹೇಳಲಿ ಎಂದು.

ಕೊರಳೆಲುಬಿನ ಮೇಲೆ, ಎಡಗಡೆ, ಒಂದು ಗಂಟು. ಗಟ್ಟಿ. ಅಲುಗಾಡುವುದಿಲ್ಲ. ಪೆನ್ನು ಜಾರುತ್ತಿದೆ. ಸುಮಾರು —